ಜಾರಿದ ಮಾತು, ತಡವಾಗಿ ಬಂದ ಟ್ರೋಫಿ

(ಸರಟೋಗಾದಲ್ಲಿ ಸೇರಿದ್ದ ಕನ್ನಡ ಸಾಹಿತ್ಯಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಾಹಿತ್ಯದ ಸಭೆಯಲ್ಲಿ ಕಾರು ಪಂದ್ಯದ ಮಾತೇಕೆ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಾದರೂ ಎದ್ದಿರಬೇಕು. ಬೇ ಏರಿಯಾದ ಕನ್ನಡ ಮನೆಗಳಲ್ಲಿ ಕ್ರಿಕೆಟ್ಟಿನ ಚರ್ಚೆ ನಡೆಯುತ್ತದೆ, ಈಚೆಗೆ ಫಾರ್ಮುಲಾ ಒನ್ ನೋಡುವ ಮಕ್ಕಳೂ ಇದ್ದಾರೆ. ನ್ಯಾಸ್ಕಾರ್ ಎಂದರೆ ಮಾತ್ರ ಅದು ಯಾರದೋ ಆಟ, ದಕ್ಷಿಣ ರಾಜ್ಯಗಳ ಬಿಳಿಯರ ಆಟ ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಆ ಭಾವನೆಗೆ ಆಧಾರವೂ ಇಲ್ಲದಿಲ್ಲ. ಆದರೂ ಈ ಆಟದ ಇಬ್ಬರು ಚಾಲಕರ ಏಳುಬೀಳುಗಳಲ್ಲಿ, ಸಾಹಿತ್ಯದವರು ದಿನವೂ ಕೈಯಲ್ಲಿ ಹಿಡಿಯುವ ವಸ್ತುವೊಂದು ಅಡಗಿದೆ. ಅದು ಮಾತು. ಒಬ್ಬರು ಒಂದೇ ಒಂದು ಮಾತಿನಿಂದ ಬಿದ್ದರು. ವರ್ಷ ತುಂಬುವ ಮೊದಲೇ ಮತ್ತೆ ಗೆದ್ದರು. ಇನ್ನೊಬ್ಬರು ಯಾವ ತಪ್ಪನ್ನೂ ಮಾಡದೆ, ಗೆದ್ದ ದಿನವೇ ಸೋತವರೆನಿಸಿಕೊಂಡರು. ಆ ಗೆಲುವಿನ ಟ್ರೋಫಿ ಅವರ ಮನೆ ಸೇರಲು ಸುಮಾರು 58 ವರ್ಷ ಬೇಕಾಯಿತು. ಈ ಎರಡು ಬದುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಆಟದ ಪರಿಚಯ. 'ಸ್ಟಾಕ್ ಕಾರ್' ಎಂಬ ಹೆಸರಿಗೆ, ಅಂಗಡಿಯ ದಾಸ್ತಾನಿನಿಂದ ಹಾಗೆಯೇ ಹೊರಗೆ ತಂದ ಕಾರು ಎಂಬುದು ಮೂಲ ಅರ್ಥ. ಪಂದ್ಯಕ್ಕೆಂದೇ ಕಟ್ಟಿದ ಯಂತ್ರವಲ್ಲ. ಊರಿನ ಜನ ಓಡಿಸುವ ಫೋರ್ಡ್, ಷೆವ್ರೊಲೆ ಕಾರುಗಳದೇ ಪಂದ್ಯ. ಅಪಲೇಶಿಯನ್ ಬೆಟ್ಟಸೀಮೆಯಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದವರು ಪೊಲೀಸರ ಕೈಗೆ ಸಿಗದಂತೆ ತಮ್ಮ ಕಾರುಗಳ ಎಂಜಿನ್‌ಗಳನ್ನು ಬಲಪಡಿಸಿಕೊಂಡರು. ಬಿಡುವಿನ ದಿನಗಳಲ್ಲಿ ಮಣ್ಣಿನ ಪಥಗಳ ಮೇಲೆ ಪರಸ್ಪರ ಪಣ ಕಟ್ಟಿ ಓಡಿಸಿದರು. ಆ ಚದುರಿದ ಪಂದ್ಯಗಳನ್ನು ಒಂದು ನಿಯಮಾವಳಿಯ ಕೆಳಗೆ ತಂದ ಸಂಸ್ಥೆ ನ್ಯಾಸ್ಕಾರ್. ಅದು ಸ್ಥಾಪನೆಯಾದದ್ದು 1948ರಲ್ಲಿ. ಇಂದಿನ ಸ್ಟಾಕ್ ಕಾರಿಗೂ ಅಂಗಡಿಯ ಕಾರಿಗೂ ಹೊರರೂಪದ ಹೋಲಿಕೆಯನ್ನು ಬಿಟ್ಟರೆ ಬೇರೆ ನಂಟಿಲ್ಲ. ಒಂದು ತಂಡವನ್ನು ಒಂದು ಋತುವಿನುದ್ದಕ್ಕೂ ನಡೆಸಲು ಕೋಟಿಗಟ್ಟಲೆ ಹಣ ಬೇಕು. ಕಾರಿನ ಮೈಮೇಲೆಲ್ಲ ಅಂಟಿಸಿರುವ ಕಂಪೆನಿಗಳ ಹೆಸರುಗಳು ಬರಿಯ ಅಲಂಕಾರವಲ್ಲ. ಆ ಹೆಸರುಗಳು ಕಳಚಿಬಿದ್ದ ದಿನ ಚಾಲಕನೂ ಕಾರಿನಿಂದ ಇಳಿಯಬೇಕಾಗುತ್ತದೆ.

ಈ ಆಟ ದಕ್ಷಿಣಕ್ಕಷ್ಟೇ ಸೀಮಿತವೂ ಅಲ್ಲ. ಸರಟೋಗಾದಿಂದ ಹೊರಟು ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಸಾಗಿದರೆ ಸೊನೊಮಾ ಪಥ ಸಿಗುತ್ತದೆ. 1989ರಿಂದ ನ್ಯಾಸ್ಕಾರ್‌ನ ಉನ್ನತ ದರ್ಜೆಯ ಪಂದ್ಯ ಅಲ್ಲಿಗೆ ಬರುತ್ತಿದೆ. ಉಳಿದ ಹೆಚ್ಚಿನ ಪಥಗಳು ಮೊಟ್ಟೆಯಾಕಾರದವು. ಅಲ್ಲಿ ಗಂಟೆಗಟ್ಟಲೆ ಎಡಕ್ಕೇ ತಿರುಗುತ್ತಿರಬೇಕು. ಸೊನೊಮಾದಲ್ಲಿ ಗುಡ್ಡದ ಏರಿಳಿತಗಳ ನಡುವೆ ಎಡಕ್ಕೂ ಬಲಕ್ಕೂ ತಿರುಗಬೇಕು. ಅಲ್ಲಿ 2021ರಲ್ಲಿಯೂ 2024ರಲ್ಲಿಯೂ ಗೆದ್ದವರು ಇದೇ ಉತ್ತರ ಕ್ಯಾಲಿಫೋರ್ನಿಯಾದವರಾದ ಕೈಲ್ ಲಾರ್ಸನ್. ಈ ಉಪನ್ಯಾಸದ ಮೊದಲನೆಯ ಚಾಲಕ ಅವರೇ.

ಲಾರ್ಸನ್ ಹುಟ್ಟಿದ್ದು 1992ರ ಜುಲೈ 31ರಂದು, ಸ್ಯಾಕ್ರಮೆಂಟೊದ ಪಕ್ಕದ ಎಲ್ಕ್ ಗ್ರೋವ್‌ನಲ್ಲಿ. ಏಳನೆಯ ವಯಸ್ಸಿಗೆ ಪುಟ್ಟ ಕಾರ್ಟ್ ಬಂಡಿಗಳ ಪಂದ್ಯಕ್ಕೆ ಇಳಿದ ಹುಡುಗ, ಹದಿಹರೆಯದಲ್ಲಿ ಮಣ್ಣಿನ ಪಥಗಳ ಮೇಲೆ ಸ್ಪ್ರಿಂಟ್ ಕಾರುಗಳನ್ನು ಓಡಿಸತೊಡಗಿದ. 2011ರಲ್ಲಿ ಒಹಾಯೊದ ಎಲ್ಡೋರಾ ಪಥದಲ್ಲಿ ಒಂದೇ ರಾತ್ರಿ ಮೂರು ಬೇರೆ ಬೇರೆ ವರ್ಗದ ಕಾರುಗಳಲ್ಲಿ ಮೂರು ಪಂದ್ಯ ಗೆದ್ದಾಗ ಅವರಿಗೆ ಹತ್ತೊಂಬತ್ತು ವರ್ಷ. ಮರುವರ್ಷ ನ್ಯಾಸ್ಕಾರ್‌ನ ವೈವಿಧ್ಯ ಯೋಜನೆಯ ಮೂಲಕ ಅವರಿಗೆ ಒಂದು ತಂಡ ದೊರೆಯಿತು. ಬಿಳಿಯರದೇ ಆಗಿ ಉಳಿದಿದ್ದ ಆಟಕ್ಕೆ ಅಲ್ಪಸಂಖ್ಯಾತ ಸಮುದಾಯಗಳ ಯುವಕರನ್ನೂ ಯುವತಿಯರನ್ನೂ ತರುವುದು ಆ ಯೋಜನೆಯ ಗುರಿ. ಲಾರ್ಸನ್ ಅವರ ತಾಯಿ ಜಪಾನಿ ಮೂಲದ ಅಮೆರಿಕನ್ ಆದ್ದರಿಂದ ಅವರಿಗೆ ಈ ಬಾಗಿಲು ತೆರೆಯಿತು. ತೆರೆದ ವರ್ಷವೇ ಅವರು ಪೂರ್ವ ವಲಯದ ಸರಣಿಯ ಚಾಂಪಿಯನ್ ಆದರು. ಈ ಸಂಗತಿ ನೆನಪಿನಲ್ಲಿರಲಿ. ಮುಂದೆ ಇದರ ಕೆಲಸವಿದೆ.

ಏರುದಾರಿ ಸರಳವಾಗಿರಲಿಲ್ಲ. 2013ರ ಫೆಬ್ರುವರಿ 23ರಂದು ಡೇಟೋನಾದಲ್ಲಿ ಪಂದ್ಯದ ಕೊನೆಯ ಸುತ್ತಿನಲ್ಲಿ ಅವರ ಕಾರು ಗಾಳಿಗೆ ಹಾರಿ ಬೇಲಿಗೆ ಅಪ್ಪಳಿಸಿತು. ಎಂಜಿನ್ ಕಿತ್ತು ಬೇಲಿಯಲ್ಲಿ ಸಿಕ್ಕಿಕೊಂಡಿತು, ಚೂರುಗಳು ಪ್ರೇಕ್ಷಕರ ಗ್ಯಾಲರಿಗೆ ಸಿಡಿದವು, ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಗಾಯಗಳಾದವು. ಮುಂಭಾಗವೇ ಇಲ್ಲದ ಕಾರಿನಿಂದ ಲಾರ್ಸನ್ ತಾವೇ ಇಳಿದು ನಡೆದು ಬಂದರು. 2014ರಲ್ಲಿ ಉನ್ನತ ದರ್ಜೆಯಲ್ಲಿ ವರ್ಷದ ಹೊಸ ಚಾಲಕ ಎಂಬ ಮನ್ನಣೆ ದೊರೆಯಿತು. ಆ ದರ್ಜೆಯ ಮೊದಲ ಗೆಲುವಿಗೆ 2016ರ ಆಗಸ್ಟ್‌ವರೆಗೆ ಕಾಯಬೇಕಾಯಿತು. 2017ರಲ್ಲಿ ನಾಲ್ಕು ಪಂದ್ಯ ಗೆದ್ದು ಚಾಂಪಿಯನ್ ಪಟ್ಟದ ಹತ್ತಿರ ಬಂದಾಗ ಕ್ಯಾನ್ಸಸ್‌ನಲ್ಲಿ ಎಂಜಿನ್ ಕೈಕೊಟ್ಟಿತು. 2018ರಲ್ಲಿ ಒಂದೂ ಗೆಲುವಿಲ್ಲ. ವೃತ್ತಿಪರ ಚಾಲಕನ ಬದುಕಿನಲ್ಲಿ ಇವೆಲ್ಲ ಹುಟ್ಟಿನಿಂದಲೇ ಬಂದ ಏಳುಬೀಳುಗಳು. ಯಂತ್ರ ಕೆಡುತ್ತದೆ, ಟಯರ್ ಒಡೆಯುತ್ತದೆ, ಪಕ್ಕದವನ ತಪ್ಪಿಗೆ ತನ್ನ ಕಾರು ಗೋಡೆಗೆ ಬಡಿಯುತ್ತದೆ. ಇಂಥ ಬೀಳುಗಳನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ.

ಅವಮಾನ ಬಂದದ್ದು ಕಾರು ಇಲ್ಲದ ಪಂದ್ಯದಲ್ಲಿ. 2020ರ ವಸಂತದಲ್ಲಿ ಮಹಾಮಾರಿಯಿಂದಾಗಿ ಪಥಗಳೆಲ್ಲ ಮುಚ್ಚಿದ್ದವು. ಚಾಲಕರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಕಂಪ್ಯೂಟರಿನ ಮೇಲೆ ಪಂದ್ಯವಾಡುತ್ತಿದ್ದರು. ಏಪ್ರಿಲ್ 12ರ ರಾತ್ರಿ ಅಂಥದೊಂದು ಪಂದ್ಯದ ನಡುವೆ ಲಾರ್ಸನ್ ತಮ್ಮ ಮೈಕ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ತಮ್ಮ ಸಹಾಯಕನನ್ನು ಕರೆದರು. ಕರೆದ ಶಬ್ದ, ಕಪ್ಪು ಜನರನ್ನು ಹೀಗಳೆಯಲು ಗುಲಾಮಗಿರಿಯ ಕಾಲದಿಂದ ಬಳಕೆಯಾಗುತ್ತ ಬಂದ ಬೈಗುಳ. ಅದು ಸಹಾಯಕನಿಗೆ ಮಾತ್ರ ಕೇಳಿಸುತ್ತದೆಂದು ಅವರು ಎಣಿಸಿದ್ದರು. ಕೇಳಿಸಿದ್ದು ಪಂದ್ಯದಲ್ಲಿದ್ದವರಿಗೆಲ್ಲ ಮತ್ತು ಅಂತರ್ಜಾಲದಲ್ಲಿ ನೋಡುತ್ತಿದ್ದ ಪ್ರೇಕ್ಷಕರಿಗೆಲ್ಲ. ಎಲ್ಲರಿಗೂ ಕೇಳಿಸುತ್ತಿದೆ ಎಂದು ಇನ್ನೊಬ್ಬ ಚಾಲಕ ಎಚ್ಚರಿಸುವ ಹೊತ್ತಿಗೆ ಮಾತು ಹೊರಬಿದ್ದಾಗಿತ್ತು. ಮರುದಿನ ನ್ಯಾಸ್ಕಾರ್ ಅವರನ್ನು ಅನಿರ್ದಿಷ್ಟ ಕಾಲಕ್ಕೆ ಅಮಾನತು ಮಾಡಿತು. ಮ್ಯಾಕ್‌ಡೊನಾಲ್ಡ್ಸ್, ಕ್ರೆಡಿಟ್ ಒನ್ ಬ್ಯಾಂಕ್‌ನಂಥ ಪ್ರಾಯೋಜಕರು ಕೈಬಿಟ್ಟರು. ಏಪ್ರಿಲ್ 14ರಂದು ಚಿಪ್ ಗನಾಸಿ ತಂಡ ಅವರನ್ನು ಕೆಲಸದಿಂದ ತೆಗೆಯಿತು. ಕಾರಿನ ಮೈಮೇಲಿನ ಹೆಸರುಗಳು ಕಳಚಿಬೀಳಲು ಎರಡು ದಿನ ಸಾಕಾಯಿತು.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಆದರೆ ಈ ಪ್ರಸಂಗದಲ್ಲಿ ಗಾದೆ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಒಡೆದದ್ದು ಯಾರ ಮುತ್ತು? ಅಂದು ಪತ್ರಿಕೆಗಳು ಬರೆದದ್ದೆಲ್ಲ ಲಾರ್ಸನ್ ಕಳೆದುಕೊಂಡದ್ದರ ಬಗ್ಗೆ: ಹಣ, ತಂಡ, ಹೆಸರು. ಆ ಶಬ್ದವನ್ನು ಮನೆಯಲ್ಲಿ ಕುಳಿತು ಕೇಳಿದ ಕಪ್ಪು ಹುಡುಗನೊಬ್ಬ ಏನು ಕಳೆದುಕೊಂಡ ಎಂಬ ಲೆಕ್ಕ ಯಾವ ಕಾಲಮಿನಲ್ಲೂ ಬರಲಿಲ್ಲ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಮೈಕ್ ತೆರೆದಿದ್ದುದು ಆಕಸ್ಮಿಕ; ಶಬ್ದ ಆಕಸ್ಮಿಕವಲ್ಲ. ಕೋಪದಲ್ಲಿ ಬಂದ ಬೈಗುಳ ಅದಾಗಿರಲಿಲ್ಲ. ಸಹಾಯಕನನ್ನು ಸಲುಗೆಯಿಂದ ಕೂಗಲು ಬಳಸಿದ, ಖಾಸಗಿ ಮಾತಿನಲ್ಲಿ ಮೊದಲೇ ಮನೆಮಾಡಿಕೊಂಡಿದ್ದ ಶಬ್ದ ಅದು. ಎಲ್ಲರ ಮುಂದೆ ಆಡಬಾರದು ಎಂದು ಗೊತ್ತಿರುವ, ತಮ್ಮವರ ನಡುವೆ ಆಡಬಹುದು ಎಂದು ಒಪ್ಪಿಕೊಂಡಿರುವ ಶಬ್ದಗಳ ಒಂದು ಭಂಡಾರ ಪ್ರತಿಯೊಂದು ಸಮುದಾಯದಲ್ಲೂ ಇರುತ್ತದೆ. ಅಂದು ತೆರೆದುಕೊಂಡದ್ದು ಆ ಭಂಡಾರದ ಬಾಗಿಲು.

ಇಲ್ಲಿ ಸರಟೋಗಾ ಊರನ್ನೇ ಒಮ್ಮೆ ನೋಡಬೇಕು. ಇಂದು ದುಬಾರಿ ಮನೆಗಳ ಊರಾಗಿರುವ ಇದು ಒಂದು ಕಾಲಕ್ಕೆ ಪ್ರೂನ್ ಮತ್ತು ಏಪ್ರಿಕಾಟ್ ತೋಟಗಳ ಊರು. ಹೂವರಳುವ ಕಾಲದಲ್ಲಿ ಇಲ್ಲಿ ಹಬ್ಬ ಆರಂಭವಾದದ್ದು 1900ರಲ್ಲಿ. ಗ್ರಂಥಾಲಯದ ಪಕ್ಕದಲ್ಲಿ ಊರಿನವರು ಉಳಿಸಿಕೊಂಡಿರುವ ಹಣ್ಣಿನ ತೋಟ ಆ ದಿನಗಳ ಕುರುಹು. ಬೆಟ್ಟದ ಬುಡದಲ್ಲಿರುವ, ಕನ್ನಡ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ತಪ್ಪದೆ ಕರೆದೊಯ್ಯುವ ಹಕೋನೆ ಜಪಾನಿ ಉದ್ಯಾನದ ಆರಂಭ 1915ರಲ್ಲಿ. ಸಾಂಟಾ ಕ್ಲಾರಾ ಕಣಿವೆಯ ಹೊಲತೋಟಗಳಲ್ಲಿ ದುಡಿದವರಲ್ಲಿ ಜಪಾನಿ ಮೂಲದವರು ಅನೇಕರು. ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿ, ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರು ಭೂಮಿಯ ಒಡೆತನ ಪಡೆಯದಂತೆ ತಡೆದಿತ್ತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಅನ್ವಯ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೆಯ ಎರಡರಷ್ಟು ಮಂದಿ ಇಲ್ಲಿಯೇ ಹುಟ್ಟಿದ ಪ್ರಜೆಗಳು. ಜಪಾನಿ ಬಗೆಯ ಉದ್ಯಾನ ಊರಿನಲ್ಲಿ ಉಳಿಯಿತು. ಜಪಾನಿ ಮೂಲದ ಮನುಷ್ಯರಿಗೆ ಊರಿನಲ್ಲಿ ಉಳಿಯುವ ಹಕ್ಕಿರಲಿಲ್ಲ. ಸರ್ಕಾರ ಕ್ಷಮೆ ಕೇಳಿ ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ.

ಕೈಲ್ ಲಾರ್ಸನ್ ಅವರ ತಾಯಿಯ ತಂದೆ ತಾಯಿ ಅಂಥ ಶಿಬಿರದಲ್ಲಿ ದಿನ ಕಳೆದವರು. ಬಣ್ಣ ಮತ್ತು ಮೂಲದ ಕಾರಣಕ್ಕೆ ಸೆರೆಯಾದವರ ಮೊಮ್ಮಗ, ಅಲ್ಪಸಂಖ್ಯಾತರಿಗೆಂದು ತೆರೆದ ಬಾಗಿಲಿನಿಂದ ಆಟದೊಳಗೆ ಬಂದ ಯುವಕ, ಇನ್ನೊಂದು ಸಮುದಾಯದ ಗಾಯಕ್ಕೆ ಕೈಹಾಕುವ ಶಬ್ದವನ್ನು ಯೋಚಿಸದೆ ಆಡಿದರು. ಗಾಯಗೊಂಡವರ ಸಂತಾನಕ್ಕೆ ಇನ್ನೊಬ್ಬರ ಗಾಯ ತಾನಾಗಿಯೇ ಅರ್ಥವಾಗುತ್ತದೆ ಎಂಬ ನಂಬಿಕೆಗೆ ಈ ಪ್ರಸಂಗ ಪೆಟ್ಟು ಕೊಡುತ್ತದೆ. ಅಜ್ಜಿಯ ನೆನಪು ಮೊಮ್ಮಗನ ನಾಲಿಗೆಗೆ ತಾನಾಗಿ ಇಳಿದು ಬರುವುದಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು, ಅವನು ಕಲಿಯಬೇಕು.

ಕಲಿತರೇ? ಕೆಲಸ ಕಳೆದುಕೊಂಡ ಲಾರ್ಸನ್ ಮೊದಲು ಕ್ಷಮೆ ಕೇಳಿದರು. ಫಿಲಡೆಲ್ಫಿಯಾದಲ್ಲಿ ನಗರದ ಬಡ ಮಕ್ಕಳಿಗೆ ಪಂದ್ಯದ ಯಂತ್ರವಿದ್ಯೆ ಕಲಿಸುವ ಶಾಲೆಗೆ ಹೋದರು. ಜಾರ್ಜ್ ಫ್ಲಾಯ್ಡ್ ಅವರ ಕೊಲೆಯ ನಂತರ ಮಿನಿಯಾಪೊಲಿಸ್‌ಗೆ ಹೋಗಿ, ಮಾಜಿ ಫುಟ್‌ಬಾಲ್ ಆಟಗಾರ ಟೋನಿ ಸಾನೆ ಅವರ ಸಂಸ್ಥೆಯೊಂದಿಗೆ ಕೆಲಸ ಮಾಡಿದರು. ಅಕ್ಟೋಬರಿನಲ್ಲಿ ದೀರ್ಘ ಬರಹವೊಂದನ್ನು ಪ್ರಕಟಿಸಿ ತಮ್ಮ ಅಜ್ಞಾನವನ್ನು ಒಪ್ಪಿಕೊಂಡರು. ಇದರಲ್ಲಿ ಪಶ್ಚಾತ್ತಾಪವೆಷ್ಟು, ವೃತ್ತಿಗೆ ಮರಳುವ ಲೆಕ್ಕಾಚಾರವೆಷ್ಟು ಎಂದು ಹೊರಗಿನವರು ತೂಗಿ ಹೇಳಲಾಗದು. ಆದರೆ ಅವರು ಬಿದ್ದಾಗ ಕೆಳಗೆ ಬಲೆಯಿತ್ತು ಎಂಬುದು ಕಣ್ಣಿಗೆ ಕಾಣುವ ಸತ್ಯ. ನ್ಯಾಸ್ಕಾರ್ ಹೊರಹಾಕಿದ ಮೇಲೂ ಮಣ್ಣಿನ ಪಥಗಳ ಸಂಸ್ಥೆಗಳು ಬೇಗನೆ ಬಾಗಿಲು ತೆರೆದವು. ಆ ವರ್ಷ ಅವರು ಅಲ್ಲಿ 40ಕ್ಕೂ ಹೆಚ್ಚು ಪಂದ್ಯ ಗೆದ್ದರು. ಅಕ್ಟೋಬರ್ ಮುಗಿಯುವ ಮೊದಲೇ ನ್ಯಾಸ್ಕಾರ್ ಅಮಾನತನ್ನು ತೆರವುಗೊಳಿಸಲು ಒಪ್ಪಿತು, ಆಟದ ಅತಿ ಬಲಿಷ್ಠ ತಂಡಗಳಲ್ಲೊಂದಾದ ಹೆಂಡ್ರಿಕ್ ಅವರನ್ನು ಸೇರಿಸಿಕೊಂಡಿತು.

2021ರ ಋತು ಅವರದೇ ಆಯಿತು. ಮಾರ್ಚಿನಲ್ಲಿ ಲಾಸ್ ವೇಗಸ್‌ನಲ್ಲಿ ಗೆಲುವು, ಜೂನ್ 6ರಂದು ಸೊನೊಮಾದಲ್ಲಿ ಗೆಲುವು, ಒಟ್ಟು ಹತ್ತು ಗೆಲುವು. ನವೆಂಬರ್ 7ರಂದು ಫೀನಿಕ್ಸ್‌ನ ಕೊನೆಯ ಪಂದ್ಯದಲ್ಲಿ ಅವರು ನಾಲ್ಕನೆಯವರಾಗಿ ಪಿಟ್‌ಗೆ ಬಂದರು. ಸಿಬ್ಬಂದಿ ಸುಮಾರು ಹನ್ನೆರಡು ಸೆಕೆಂಡುಗಳಲ್ಲಿ ನಾಲ್ಕು ಚಕ್ರ ಬದಲಿಸಿ ಇಂಧನ ತುಂಬಿ ಕಳಿಸಿದರು. ಲಾರ್ಸನ್ ಮೊದಲನೆಯವರಾಗಿ ಹೊರಬಂದರು, ಚಾಂಪಿಯನ್ ಆದರು. 2025ರ ನವೆಂಬರಿನಲ್ಲಿ ಎರಡನೆಯ ಬಾರಿಗೂ ಪಟ್ಟ ಅವರಿಗೇ ದೊರೆಯಿತು. ಅವರ ಪ್ರತಿಭೆಯ ಬಗ್ಗೆ ಅನುಮಾನವಿಲ್ಲ. ಆದರೂ ಆ ಹನ್ನೆರಡು ಸೆಕೆಂಡುಗಳು ಒಂದು ಮಾತನ್ನು ಹೇಳುತ್ತವೆ: ಯಾರೂ ಒಬ್ಬರೇ ಮೇಲೇಳುವುದಿಲ್ಲ. ಮೇಲೆತ್ತುವ ಕೈಗಳು ಇರಬೇಕು, ಆ ಕೈಗಳಿಗೆ ಎತ್ತಬೇಕೆಂಬ ಮನಸ್ಸಿರಬೇಕು.

ಅಂಥ ಕೈಗಳು ಒದಗದೆ ಹೋದ ಚಾಲಕನ ಕಥೆ ಇನ್ನು ಮುಂದಿನದು. ವೆಂಡೆಲ್ ಸ್ಕಾಟ್ ಹುಟ್ಟಿದ್ದು 1921ರ ಆಗಸ್ಟ್ 29ರಂದು, ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ಸೈನ್ಯದ ವಾಹನಗಳನ್ನು ರಿಪೇರಿ ಮಾಡಿದರು. ಊರಿಗೆ ಮರಳಿ ಟ್ಯಾಕ್ಸಿ ಓಡಿಸಿದರು, ಗ್ಯಾರೇಜು ನಡೆಸಿದರು, ಕಳ್ಳಭಟ್ಟಿಯನ್ನೂ ಸಾಗಿಸಿದರು. 1952ರಲ್ಲಿ ಡ್ಯಾನ್‌ವಿಲ್‌ನ ಪಂದ್ಯದ ಸಂಘಟಕರಿಗೆ ಜನ ಸೇರಿಸುವ ಹೊಸ ಉಪಾಯವೊಂದು ಹೊಳೆಯಿತು: ಬಿಳಿಯರ ನಡುವೆ ಒಬ್ಬ ಕಪ್ಪು ಚಾಲಕನನ್ನು ಇಳಿಸುವುದು. ಯಾರಿದ್ದಾರೆ ಎಂದು ಪೊಲೀಸರನ್ನು ಕೇಳಿದಾಗ ಪೊಲೀಸರು ಸೂಚಿಸಿದ್ದು, ತಾವು ಬೆನ್ನಟ್ಟಿ ಸೋತಿದ್ದ ಸ್ಕಾಟ್ ಅವರ ಹೆಸರನ್ನು. ಹೀಗೆ ತಮಾಷೆಯ ವಸ್ತುವಾಗಿ ಒಳಗೆ ಕರೆಸಿಕೊಂಡ ಮನುಷ್ಯ ಆಟಗಾರನಾಗಿ ಉಳಿದರು. 1959ರಲ್ಲಿ ವರ್ಜೀನಿಯಾ ರಾಜ್ಯದ ಪಟ್ಟ ಗೆದ್ದರು, 1961ರಲ್ಲಿ ನ್ಯಾಸ್ಕಾರ್‌ನ ಉನ್ನತ ದರ್ಜೆಗೆ ಬಂದರು. ದೊಡ್ಡ ಪ್ರಾಯೋಜಕರಿಲ್ಲ, ಹಳೆಯ ಕಾರು, ಬಳಸಿದ ಬಿಡಿಭಾಗಗಳು. ಮೆಕ್ಯಾನಿಕ್ ಅವರೇ, ಪಿಟ್ ಸಿಬ್ಬಂದಿ ಅವರ ಮಕ್ಕಳೇ.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಪಥದ ಮೇಲೆ 200 ಸುತ್ತುಗಳ ಪಂದ್ಯ. ಕೊನೆಯ ಹಂತದಲ್ಲಿ ಸ್ಕಾಟ್ ಮಹಾನ್ ಚಾಲಕ ರಿಚರ್ಡ್ ಪೆಟಿ ಅವರನ್ನು ಹಿಂದೆ ಹಾಕಿದರು. 200 ಸುತ್ತು ಮುಗಿದರೂ ಗೆಲುವಿನ ಬಾವುಟ ಬೀಸಲಿಲ್ಲ. ಸ್ಕಾಟ್ ಇನ್ನೂ ಎರಡು ಸುತ್ತು ಓಡಿಸಿದರು. ಆಮೇಲೆ ಬೀಸಿದ ಬಾವುಟ ಬಕ್ ಬೇಕರ್ ಎಂಬ ಬಿಳಿಯ ಚಾಲಕನಿಗೆ. ಟ್ರೋಫಿ ಹಿಡಿದು ಫೋಟೋ ತೆಗೆಸಿಕೊಂಡವರೂ ಅವರೇ. ಗಂಟೆಗಳು ಕಳೆದು ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ ಅಧಿಕಾರಿಗಳು ಲೆಕ್ಕದಲ್ಲಿ ತಪ್ಪಾಗಿದೆ, ಗೆದ್ದವರು ಸ್ಕಾಟ್ ಎಂದು ಒಪ್ಪಿದರು. ಗೆದ್ದವನಿಗೆ ಸುಂದರಿಯೊಬ್ಬಳು ಮುತ್ತು ಕೊಡುವ ಪದ್ಧತಿ ಆಗ ಇತ್ತು. ದಕ್ಷಿಣದ ಪ್ರೇಕ್ಷಕರ ಎದುರು ಬಿಳಿಯ ಹುಡುಗಿ ಕಪ್ಪು ಮನುಷ್ಯನಿಗೆ ಮುತ್ತಿಡುವ ಪ್ರಸಂಗವನ್ನು ತಪ್ಪಿಸಲು ಈ 'ತಪ್ಪು' ನಡೆಯಿತು ಎಂಬುದು ಸ್ಕಾಟ್ ಮತ್ತು ಅವರ ಮನೆಯವರ ದೃಢ ನಂಬಿಕೆ. ದಾಖಲೆಯಲ್ಲಿ ಗೆಲುವು ಬಂತು. ನಿಜವಾದ ಟ್ರೋಫಿ ಬರಲಿಲ್ಲ, ಜನರ ಚಪ್ಪಾಳೆಯಂತೂ ಬರಲೇ ಇಲ್ಲ.

ಆ ದರ್ಜೆಯಲ್ಲಿ ಸ್ಕಾಟ್ ಒಟ್ಟು 495 ಪಂದ್ಯಗಳಲ್ಲಿ ಓಡಿದರು, 147 ಬಾರಿ ಮೊದಲ ಹತ್ತರಲ್ಲಿ ಬಂದರು, 1966ರಲ್ಲಿ ಇಡೀ ಋತುವಿನ ಅಂಕಪಟ್ಟಿಯಲ್ಲಿ ಆರನೆಯವರಾದರು. ಗೆಲುವು ಮಾತ್ರ ಆ ಒಂದೇ. 1973ರಲ್ಲಿ ಟ್ಯಾಲಡೇಗಾದಲ್ಲಿ ಹತ್ತಾರು ಕಾರುಗಳು ಒಂದಕ್ಕೊಂದು ಬಡಿದ ಅಪಘಾತದಲ್ಲಿ ಅವರ ಮೂಳೆಗಳು ಮುರಿದವು; ವೃತ್ತಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. 1990ರ ಡಿಸೆಂಬರ್ 23ರಂದು ತೀರಿಕೊಂಡರು. 2015ರಲ್ಲಿ ನ್ಯಾಸ್ಕಾರ್ ಅವರ ಹೆಸರನ್ನು ತನ್ನ ಕೀರ್ತಿಭವನಕ್ಕೆ ಸೇರಿಸಿತು. ಜಾಕ್ಸನ್‌ವಿಲ್‌ನ ಗೆಲುವಿನ ಟ್ರೋಫಿಯನ್ನು ಅವರ ಕುಟುಂಬಕ್ಕೆ ನ್ಯಾಸ್ಕಾರ್ ಅಧಿಕೃತವಾಗಿ ಒಪ್ಪಿಸಿದ್ದು 2021ರ ಆಗಸ್ಟ್ 28ರಂದು. ಮರುದಿನ ಅವರಿಗೆ ನೂರು ವರ್ಷ ತುಂಬುತ್ತಿತ್ತು.

2021. ಲಾರ್ಸನ್ ಚಾಂಪಿಯನ್ ಆದ ವರ್ಷವೂ ಅದೇ. ಈ ಎರಡು ದಿನಗಳ ನಡುವೆ, ಅಕ್ಟೋಬರ್ 4ರಂದು, ಸ್ಕಾಟ್ ಮೂಳೆ ಮುರಿದುಕೊಂಡಿದ್ದ ಅದೇ ಟ್ಯಾಲಡೇಗಾದಲ್ಲಿ ಬಬ್ಬಾ ವಾಲೆಸ್ ಗೆದ್ದರು. ಸ್ಕಾಟ್ ನಂತರ ಆ ದರ್ಜೆಯಲ್ಲಿ ಗೆದ್ದ ಮೊದಲ ಕಪ್ಪು ಚಾಲಕ ಅವರು. ಹಿಂದಿನ ವರ್ಷ ಪಥಗಳಲ್ಲಿ ಕಾನ್ಫೆಡರೇಟ್ ಬಾವುಟ ಹಾರಬಾರದೆಂದು ಒತ್ತಾಯಿಸಿದವರೂ ವಾಲೆಸ್. 2020ರ ಜೂನ್ 10ರಂದು ನ್ಯಾಸ್ಕಾರ್ ಆ ಬಾವುಟವನ್ನು ನಿಷೇಧಿಸಿತು. ಅದಕ್ಕೆ ಎರಡು ತಿಂಗಳ ಮೊದಲು, ಲಾರ್ಸನ್ ಕೆಲಸ ಕಳೆದುಕೊಂಡ ವಾರದಲ್ಲಿ, ವಾಲೆಸ್ ಒಂದು ಹೇಳಿಕೆ ನೀಡಿದ್ದರು. ಆ ಶಬ್ದಕ್ಕೆ ಯಾರ ಬಾಯಲ್ಲೂ ಸ್ಥಾನವಿಲ್ಲ, ಆದರೆ ಲಾರ್ಸನ್‌ಗೆ ಇನ್ನೊಂದು ಅವಕಾಶ ಸಿಗಬೇಕು ಎಂಬುದು ಅದರ ಸಾರ. ವಾಲೆಸ್ ಸಂತರೇನೂ ಅಲ್ಲ. 2022ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಕೋಪಗೊಂಡು ಇದೇ ಲಾರ್ಸನ್ ಅವರ ಕಾರಿಗೆ ಗುದ್ದಿ ಒಂದು ಪಂದ್ಯದ ಅಮಾನತನ್ನೂ ಅನುಭವಿಸಿದರು. ಆದರೆ ಆ ಏಪ್ರಿಲ್‌ನಲ್ಲಿ ಕ್ಷಮೆಯ ಮಾತನ್ನು ಮೊದಲು ಆಡಬೇಕಾಗಿ ಬಂದದ್ದು ನೊಂದವರ ಕಡೆಯವರೇ. ಬಹುತೇಕ ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆ.

ಲಾರ್ಸನ್‌ಗೆ ಎರಡನೆಯ ಅವಕಾಶ ಸಿಗಬಾರದಿತ್ತು ಎಂದು ವಾದಿಸುವುದು ಇಲ್ಲಿಯ ಆಶಯವಲ್ಲ. ಮನುಷ್ಯ ಬದಲಾಗಬಲ್ಲ ಎಂದು ನಂಬದವರಿಗೆ ಪ್ರಗತಿಪರರೆಂದು ಕರೆದುಕೊಳ್ಳುವ ಹಕ್ಕಿಲ್ಲ. ಪ್ರಶ್ನೆ ಬೇರೆ. ತಪ್ಪು ಮಾಡಿದವನಿಗೆ ಹತ್ತು ತಿಂಗಳಲ್ಲಿ ದಾರಿ ತೆರೆಯಬಲ್ಲ ವ್ಯವಸ್ಥೆ, ತಪ್ಪನ್ನೇ ಮಾಡದವನಿಗೆ ಅವನದೇ ಟ್ರೋಫಿಯನ್ನು ಕೊಡಲು ಸುಮಾರು 58 ವರ್ಷ ತೆಗೆದುಕೊಂಡದ್ದು ಏಕೆ? ಔದಾರ್ಯ ಈ ಆಟದಲ್ಲಿ ಇಲ್ಲದೆ ಇರಲಿಲ್ಲ. ಅದು ಹರಿಯುವ ದಿಕ್ಕು ಮಾತ್ರ ಮೊದಲೇ ಗೊತ್ತಾಗಿತ್ತು.

ಈ ದಿಕ್ಕಿನ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಟ್ಯಾಲಡೇಗಾದ ಅಪಘಾತ ನಡೆದ 1973ರಲ್ಲಿಯೇ, ನವೆಂಬರ್ ತಿಂಗಳಲ್ಲಿ, ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಒಂದು ಮಾತು ಆಡಿದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬುದು ಆ ಮಾತು. ದೇವರಾಜ ಅರಸು ಸಂಪುಟದಲ್ಲಿದ್ದ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಶ್ರಮಿಸಿದ ದಲಿತ ನಾಯಕರು ಅವರು. ರಾಜ್ಯದಾದ್ಯಂತ ಗಲಭೆಯೆದ್ದಿತು, ಹಲವೆಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಸಚಿವ ಸ್ಥಾನವನ್ನು ಬಿಡಬೇಕಾಯಿತು. ಆ ನೋವಿನಿಂದ ಹೊಮ್ಮಿದ ಎಚ್ಚರ ಮುಂದೆ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ನೆಲ ಹದಮಾಡಿತು. ಅವರ ಮಾತನ್ನು ಒಪ್ಪಬಹುದು, ಬಿಡಬಹುದು. ಅದು ಬೈಗುಳವಾಗಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಎಸೆದ ಟೀಕೆಯಾಗಿತ್ತು. ಮೇಲಿನಿಂದ ಕೆಳಕ್ಕೆ ಎಸೆದ ಮಾತುಗಳ ಗತಿಯೇನು? ಜಾತಿಗಳ ಹೆಸರು ಹಿಡಿದು ಹೀಗಳೆಯುವ ಗಾದೆಗಳು ಕನ್ನಡದಲ್ಲಿ ಒಂದೆರಡಲ್ಲ. ಅವುಗಳನ್ನು ಆಡಿದ್ದಕ್ಕೆ ಕುರ್ಚಿ ಕಳೆದುಕೊಂಡವರು ಎಷ್ಟು ಮಂದಿ? ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಇನ್ನೊಂದು ಗಾದೆಯನ್ನು ಅವುಗಳಿಗೆ ಕಾವಲಿಟ್ಟಿರುವುದೂ ಉಂಟು.

ಸಮುದ್ರ ದಾಟಿ ಬಂದ ಮಾತ್ರಕ್ಕೆ ಈ ಭಂಡಾರ ಆಚೆಯ ದಡದಲ್ಲೇ ಉಳಿಯಲಿಲ್ಲ. ನ್ಯಾಸ್ಕಾರ್ ಬಾವುಟ ನಿಷೇಧಿಸಿದ ಜೂನ್ ತಿಂಗಳ 30ನೆಯ ತಾರೀಖಿನಂದೇ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೊಂದು ಇದೇ ಕಣಿವೆಯ ದೊಡ್ಡ ತಂತ್ರಜ್ಞಾನ ಕಂಪೆನಿಯೊಂದರ ಮೇಲೆ ಜಾತಿ ತಾರತಮ್ಯದ ಆರೋಪ ಹೊರಿಸಿ ಮೊಕದ್ದಮೆ ಹೂಡಿತು. 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆ ರಾಜ್ಯದ ಶಾಸನಸಭೆಯಲ್ಲಿ ಅಂಗೀಕಾರವಾಯಿತು. ಅಕ್ಟೋಬರ್ 7ರಂದು ರಾಜ್ಯಪಾಲ ನ್ಯೂಸಮ್ ಅದಕ್ಕೆ ಸಹಿ ಹಾಕಲು ನಿರಾಕರಿಸಿದರು. ಆ ಮಸೂದೆಯ ಪರವಾಗಿಯೂ ವಿರೋಧವಾಗಿಯೂ ನಿಂತವರಲ್ಲಿ ಭಾರತೀಯ ಮೂಲದವರೇ ಮುಂದಿದ್ದರು. ಇಲ್ಲಿ ಜಾತಿಯೇ ಇಲ್ಲ ಎಂಬ ವಾದವೂ ಆಗ ಕೇಳಿಬಂತು. ಮೈಕ್ ಮುಚ್ಚಿದೆ ಎಂಬ ನಂಬಿಕೆಯಲ್ಲಿ ಆಡುವ ಮಾತುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ಹಾಗೆ ಹೇಳುವುದು ಸುಲಭ.

ಭಾರತೀಯರು ಈ ದೇಶಕ್ಕೆ ಬಂದ ದಾರಿಯನ್ನೂ ನೆನೆಯಬೇಕು. 1923ರ ಫೆಬ್ರುವರಿ 19ರಂದು ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ನೀಡಿತು. ಥಿಂದ್ ಪರವಾಗಿ ಮಂಡಿಸಿದ ವಾದದಲ್ಲಿ ಅವರು ಮೇಲುಜಾತಿಯ ಆರ್ಯರು ಎಂಬುದೂ ಸೇರಿತ್ತು. ಕೆಳಗಿನವರ ಹೆಗಲ ಮೇಲೆ ನಿಂತು ಬಿಳಿಯರ ಸಾಲಿಗೆ ಕೈಚಾಚಿದ ಆ ಪ್ರಯತ್ನ ಸೋತಿತು. ಬಾಗಿಲು ತೆರೆದದ್ದು 1965ರ ವಲಸೆ ಕಾಯಿದೆಯಿಂದ. ಕಪ್ಪು ಜನರು ಬೀದಿಯಲ್ಲಿ ಏಟು ತಿಂದು, ಸೆರೆಮನೆ ಸೇರಿ, ಪ್ರಾಣ ತೆತ್ತು ಗಳಿಸಿದ ನಾಗರಿಕ ಹಕ್ಕುಗಳ ಗಾಳಿಯಲ್ಲೇ ಆ ಕಾಯಿದೆಯೂ ಹುಟ್ಟಿತು. ಸ್ಕಾಟ್ ತಮ್ಮ ಹಳೆಯ ಕಾರನ್ನು ಟ್ರೇಲರಿಗೆ ಕಟ್ಟಿಕೊಂಡು, ಹೋಟೆಲುಗಳು ಕೋಣೆ ಕೊಡದ ಊರುಗಳನ್ನು ಹಾದು ಪಂದ್ಯಕ್ಕೆ ಹೋಗುತ್ತಿದ್ದ ಕಾಲವೇ ಅದು. ಸರಟೋಗಾದ ಮನೆಗಳಲ್ಲಿ ಇಂದು ಕನ್ನಡ ಮಾತು ಕೇಳಿಬರುವುದರ ಹಿಂದೆ ಆ ತಲೆಮಾರಿನ ಋಣವಿದೆ.

ಆ ಋಣವನ್ನು ಸಭೆಗಳಲ್ಲಿ ಸ್ಮರಿಸುವುದು ಸುಲಭ. ಊಟದ ಮೇಜಿನ ಬಳಿ, ಕಾರಿನೊಳಗೆ, ತಾವು ತಾವೇ ಇದ್ದಾಗ ಸ್ಮರಿಸುವುದು ಕಷ್ಟ. ಕಪ್ಪು ಜನರನ್ನು ಕುರಿತು ಕನ್ನಡದಲ್ಲೇ ಮೆಲ್ಲಗೆ ಆಡುವ ಶಬ್ದಗಳು, ಮನೆಗೆಲಸಕ್ಕೆ ಬರುವ ಮೆಕ್ಸಿಕೊ ಮೂಲದವರಿಗೆ ಅರ್ಥವಾಗುವುದಿಲ್ಲವೆಂದು ಅವರ ಎದುರೇ ಆಡುವ ಶಬ್ದಗಳು, ಊರಿನಿಂದ ಹೊತ್ತು ತಂದ ಜಾತಿಯ ಶಬ್ದಗಳು: ಅವನ್ನು ಕೇಳಿಸಿಕೊಳ್ಳುವ ಒಬ್ಬ ಪ್ರೇಕ್ಷಕ ಪ್ರತಿ ಮನೆಯಲ್ಲೂ ಇದ್ದಾನೆ. ಹಿಂದಿನ ಸೀಟಿನಲ್ಲಿ ಕುಳಿತ ಮಗು. ಆ ಮಗುವಿಗೆ ಮೈಕ್ ಯಾವಾಗಲೂ ತೆರೆದೇ ಇರುತ್ತದೆ.

ಮತ್ತೊಂದು ಬೇಸಿಗೆಯಲ್ಲಿ ಸೊನೊಮಾದ ಗುಡ್ಡಗಳ ನಡುವೆ ಎಂಜಿನ್‌ಗಳ ಸದ್ದು ಕೇಳುತ್ತದೆ. ಪಂದ್ಯ ನೋಡಲು ಹೋಗುವವರು ಲಾರ್ಸನ್ ಅವರ ಕೌಶಲವನ್ನು ಮೆಚ್ಚಿಕೊಳ್ಳಲಿ. ಬಿದ್ದ ಮನುಷ್ಯ ಎದ್ದು ನಿಂತದ್ದು ಮೆಚ್ಚತಕ್ಕದ್ದೇ. ಮರಳಿ ಬರುವಾಗ ಹಿಂದಿನ ಸೀಟಿನ ಮಕ್ಕಳಿಗೆ ವೆಂಡೆಲ್ ಸ್ಕಾಟ್ ಅವರ ಕಥೆಯನ್ನೂ ಹೇಳಲಿ. 200 ಸುತ್ತು ಮುಗಿಸಿ, ಬಾವುಟ ಬೀಸದಿದ್ದರೂ ನಿಲ್ಲದೆ, ಇನ್ನೂ ಎರಡು ಸುತ್ತು ಓಡಿಸಿದವರ ಕಥೆ ಅದು. ಕನ್ನಡದಲ್ಲೇ ಹೇಳಲಿ.